ಪೆನ್ನಿಗೆ ಹಚ್ಚಿದ ಕುಂಕುಮ

ಪರೀಕ್ಷೆಯ ದಿನ ಹಾಲ್‌ಟಿಕೆಟ್ ನೋಡುತ್ತ ಬೆಂಚಿನಿಂದ ಬೆಂಚಿಗೆ ಹೋಗುವಾಗ ನನ್ನ ಕಣ್ಣು ಮೊದಲು ಬೀಳುವುದು ಪೆನ್ನುಗಳ ಮೇಲೆ. ಕ್ಯಾಪಿನ ಸಂದಿಯಲ್ಲಿ ಕುಂಕುಮ ಕೂತಿರುತ್ತದೆ, ಕೆಲವರ ಹಾಲ್‌ಟಿಕೆಟ್ಟಿನ ಅಂಚಿಗೆ ವಿಭೂತಿಯ ಬೆರಳು ಮೂಡಿರುತ್ತದೆ. ಬೆಳಿಗ್ಗೆ ದೇವರ ಮುಂದಿಟ್ಟು ಕೈಮುಗಿದು ತಂದವು. ಹರಿಹರದಿಂದ ದಾವಣಗೆರೆಗೆ ದಿನಾ ಓಡಾಡುತ್ತಿದ್ದ ಎಂ.ಎಸ್ಸಿ. ಹುಡುಗಿಯೊಬ್ಬಳು ಪರೀಕ್ಷೆ ಇದ್ದಾಗ ಹರಿಹರೇಶ್ವರನ ಗುಡಿಗೆ ಹೋಗಿಯೇ ಬಸ್ಸು ಹತ್ತುತ್ತಿದ್ದಳು. ಒಂದು ಸಲ ತರಗತಿಗೆಲ್ಲ ಅವಳದೇ ಹೆಚ್ಚು ಅಂಕ. ಕರೆದು ಶಾಬಾಸ್ ಅಂದೆ.

"ಹಂಗೇನಿಲ್ಲ ಮೇಡಂ, ಪೇಪರ್ ಈಜಿ ಬಂದಿತ್ತು. ಓದಿದ್ದೇ ಬಿತ್ತು. ಎಲ್ಲ ದೇವರ ದಯೆ" ಅಂದಳು. ಸ್ವಲ್ಪ ಸುಮ್ಮನಿದ್ದು, "ಮುಂದಿನ ಸಲ ಎಲ್ಲರಿಗೂ ಗೊತ್ತಾಗುತ್ತೆ ಬಿಡಿ" ಅಂತ ಸೇರಿಸಿದಳು.

"ಏನವ್ವಾ ಗೊತ್ತಾಗೋದು?"

"ನನಗೆ ಅಷ್ಟೇನೂ ಬರಲ್ಲ ಅಂತ."

ಮೊದಲ ಮಾತನ್ನು ನಾನು ವಿನಯ ಅಂದುಕೊಂಡಿದ್ದೆ. ಕೊನೆಯ ಮಾತು ಕೇಳಿದ ಮೇಲೆ ಅದು ವಿನಯವಲ್ಲ, ಭಯ ಅಂತ ತಿಳಿಯಿತು. ಈ ಭಯಕ್ಕೆ 'ಇಂಪಾಸ್ಟರ್ ಸಿಂಡ್ರೋಮ್' ಎಂಬ ಹೆಸರು ಈಗ ಎಲ್ಲರ ಬಾಯಲ್ಲೂ ಇದೆ. ಕನ್ನಡದಲ್ಲಿ ಹೇಳುವುದಾದರೆ, ದುಡಿದು ಪಡೆದದ್ದನ್ನು ಕದ್ದು ತಂದ ಹಾಗೆ ಬಚ್ಚಿಟ್ಟುಕೊಳ್ಳುವ ಸಂಕಟ. ಇದರ ಬಗ್ಗೆಯೂ, ಇದಕ್ಕೂ ದೇವರು-ಪೂಜೆಗೂ ಇರುವ ನಂಟಿನ ಬಗ್ಗೆಯೂ ನಮ್ಮ ಊರಲ್ಲಿ ಕೇಳಿಬರುವ ಮಾತುಗಳಲ್ಲಿ ಸರಿಯಲ್ಲದವು ಬಹಳ ಇವೆ.

ತಪ್ಪು ಕಲ್ಪನೆ: ಇದು ಮೊಬೈಲ್ ಕಾಲದ ಹೊಸ ಕಾಯಿಲೆ

ಹೊಸದೂ ಅಲ್ಲ, ಕಾಯಿಲೆಯೂ ಅಲ್ಲ. 1978ರಲ್ಲಿ ಅಮೆರಿಕದ ಅಟ್ಲಾಂಟಾದಲ್ಲಿದ್ದ ಮನಶ್ಶಾಸ್ತ್ರಜ್ಞೆಯರಾದ ಪಾಲಿನ್ ಕ್ಲಾನ್ಸ್ ಮತ್ತು ಸುಝಾನ್ ಐಮ್ಸ್ ನೂರೈವತ್ತಕ್ಕೂ ಹೆಚ್ಚು ಸಾಧಕ ಹೆಣ್ಣುಮಕ್ಕಳ ಜೊತೆ ಕೆಲಸ ಮಾಡಿದ ಅನುಭವದಿಂದ ಒಂದು ಲೇಖನ ಬರೆದರು. ಪದವಿ, ಬಹುಮಾನ, ಹುದ್ದೆ ಎಲ್ಲ ಇದ್ದೂ ಆ ಹೆಣ್ಣುಮಕ್ಕಳು 'ನನ್ನನ್ನು ತಪ್ಪಾಗಿ ಬುದ್ಧಿವಂತೆ ಅಂದುಕೊಂಡಿದ್ದಾರೆ' ಅಂತಲೇ ನಂಬಿದ್ದರು. ಕ್ಲಾನ್ಸ್ ಅವರಿಗೆ ಇದು ಪರರ ಕಥೆಯೇನೂ ಆಗಿರಲಿಲ್ಲ. ತಾವು ಓದುವಾಗ ಪ್ರತಿ ಪರೀಕ್ಷೆ ಮುಗಿದ ಮೇಲೂ ಫೇಲಾದೆ ಅಂತ ಕೊರಗುತ್ತಿದ್ದವರು ಅವರು. 1985ರಲ್ಲಿ ಈ ಭಾವವನ್ನು ಅಳೆಯಲು ಇಪ್ಪತ್ತು ಪ್ರಶ್ನೆಗಳ ಒಂದು ಮಾಪಕವನ್ನೂ ಮಾಡಿದರು. 'ಸಿಂಡ್ರೋಮ್' ಎಂಬ ಪದವನ್ನು ಅವರು ಬಳಸಲಿಲ್ಲ, ಅದು ಆಮೇಲೆ ಜನ ಅಂಟಿಸಿದ್ದು. ಮನೋವೈದ್ಯರು ಕಾಯಿಲೆಗಳನ್ನು ಗುರುತಿಸಲು ಬಳಸುವ ಕೈಪಿಡಿಗಳ ಪಟ್ಟಿಯಲ್ಲಿ ಇದು ಇಲ್ಲ.

ತಪ್ಪು ಕಲ್ಪನೆ: ಇನ್ನೂ ಒಳ್ಳೆ ಅಂಕ ಬಂದರೆ ತಾನೇ ಹೋಗುತ್ತದೆ

ಅಪ್ಪ-ಅಮ್ಮ, ನಾವು ಮೇಷ್ಟ್ರುಗಳು, ಹುಡುಗಿಯರು ಎಲ್ಲರೂ ನಂಬಿರುವುದು ಇದನ್ನೇ. ಆದರೆ ನಡೆಯುವುದು ಬೇರೆ. ಸೆಮಿನಾರು ಅಂದ ಕೂಡಲೇ ಈ ಭಯ ಹೊತ್ತ ಹುಡುಗಿಗೆ ದಿಗಿಲು. ಒಂದೋ ಹದಿನೈದು ದಿನ ರಾತ್ರಿ ಎರಡರವರೆಗೆ ಕೂತು ಬೇಕಾದ್ದಕ್ಕಿಂತ ಮೂರು ಪಟ್ಟು ಓದುತ್ತಾಳೆ, ಇಲ್ಲವೇ ಹೆದರಿಕೆಗೆ ಪುಸ್ತಕವನ್ನೇ ಮುಟ್ಟದೆ ಕೊನೆಯ ರಾತ್ರಿ ಒದ್ದಾಡುತ್ತಾಳೆ. ಸೆಮಿನಾರು ಚೆನ್ನಾಗಿ ಆಗುತ್ತದೆ. ಆಗ ಮೊದಲನೆಯವಳು 'ಅಷ್ಟು ಸತ್ತು ಓದಿದ್ದಕ್ಕೆ ಆಯ್ತು, ಬುದ್ಧಿವಂತರಿಗೆ ಅಷ್ಟೆಲ್ಲ ಬೇಕಾಗಲ್ಲ' ಅನ್ನುತ್ತಾಳೆ. ಎರಡನೆಯವಳು 'ಓದದೇನೇ ಆಯ್ತಲ್ಲ, ಲಕ್ಕು' ಅನ್ನುತ್ತಾಳೆ. ಎರಡರಲ್ಲೂ ಗೆಲುವು ಅವಳ ಲೆಕ್ಕಕ್ಕೆ ಜಮೆ ಆಗುವುದಿಲ್ಲ. ಅಂಕ ಏರಿದಷ್ಟೂ ಬೀಳುವ ಎತ್ತರ ಏರಿತು ಅಂತ ಅವಳಿಗೆ ಅನಿಸುತ್ತದೆ. ಹರಿಹರದ ಆ ಹುಡುಗಿ ಮೊದಲ ಸೆಮಿಸ್ಟರಿನಲ್ಲಿ ಆರನೆಯವಳಾಗಿದ್ದಾಗ ನಗುನಗುತ್ತ ಇದ್ದಳು. ಮೊದಲನೆಯವಳಾದ ಮೇಲೆಯೇ ಅವಳು ಸೊರಗಿದ್ದು.

ತಪ್ಪು ಕಲ್ಪನೆ: ಇದು ಹೆಣ್ಣುಮಕ್ಕಳಿಗೆ ಮಾತ್ರ

ಮೊದಲ ಅಧ್ಯಯನ ಹೆಂಗಸರ ಮೇಲೆ ಆದದ್ದರಿಂದ ಹುಟ್ಟಿದ ನಂಬಿಕೆ ಇದು. 2020ರಲ್ಲಿ 62 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದ ಒಂದು ವಿಮರ್ಶೆ ಬಂತು. ಗಂಡು-ಹೆಣ್ಣನ್ನು ಹೋಲಿಸಿ ನೋಡಿದ ಅಧ್ಯಯನಗಳಲ್ಲಿ ಸುಮಾರು ಅರ್ಧದಲ್ಲಿ ಹೆಣ್ಣುಮಕ್ಕಳಿಗೆ ಇದು ಹೆಚ್ಚು, ಉಳಿದ ಅರ್ಧದಲ್ಲಿ ವ್ಯತ್ಯಾಸವೇ ಕಾಣಲಿಲ್ಲ. ಹುಡುಗರಿಗೂ ಉಂಟು. ಅವರು ಬಾಯಿ ಬಿಡುವುದು ಕಡಿಮೆ.

ತಪ್ಪು ಕಲ್ಪನೆ: ಎಲ್ಲ ಅವಳ ತಲೆಯೊಳಗಿನದು, ಧೈರ್ಯ ತಂದುಕೊಂಡರೆ ಸರಿಹೋಗುತ್ತದೆ

ನನಗೆ ಹೆಚ್ಚು ಸಿಟ್ಟು ಬರುವುದು ಈ ಮಾತಿಗೆ.

ದಾವಣಗೆರೆ ಹತ್ತಿ ಗಿರಣಿಗಳ ಊರಾಗಿತ್ತು, ಈಗ ಕಾಲೇಜುಗಳ ಊರು. 1951ರಲ್ಲಿ ಎಂಜಿನಿಯರಿಂಗ್ ಕಾಲೇಜು ಬಂತು, 1958ರಲ್ಲಿ ಬಾಪೂಜಿ ವಿದ್ಯಾಸಂಸ್ಥೆ, 1965ರಲ್ಲಿ ಜೆ.ಜೆ.ಎಂ. ವೈದ್ಯಕೀಯ ಕಾಲೇಜು. ತೋಳಹುಣಸೆ ಬಳಿಯ ಶಿವಗಂಗೋತ್ರಿಯ ಸ್ನಾತಕೋತ್ತರ ಕೇಂದ್ರ 2009ರಲ್ಲಿ ವಿಶ್ವವಿದ್ಯಾಲಯವೇ ಆಯಿತು. ಅಲ್ಲಿಗೆ, ಇಲ್ಲಿಯ ಕಾಲೇಜುಗಳಿಗೆ ಬರುವ ಹುಡುಗಿಯರಲ್ಲಿ ಮನೆಗೆಲ್ಲ ಮೊದಲ ಪದವೀಧರೆ ಆಗುವವರು ಎಷ್ಟೋ ಮಂದಿ. ಅಮ್ಮ ಮಂಡಕ್ಕಿ ಭಟ್ಟಿಯಲ್ಲಿ ಕೆಲಸ ಮಾಡುತ್ತಾಳೆ, ಮಗಳು ಪಿ.ಜಿ. ಓದುತ್ತಾಳೆ. 2023ರ ಜೂನ್ 11ರಂದು ಶಕ್ತಿ ಯೋಜನೆ ಬಂದ ಮೇಲೆ ಬಸ್ ಚಾರ್ಜಿನ ಚಿಂತೆ ತಪ್ಪಿತು. ಆದರೆ ತರಗತಿಯ ಬಾಗಿಲು ದಾಟಿದ ಮೇಲೆ ಕೇಳುವ ಮಾತುಗಳು ತಪ್ಪಲಿಲ್ಲ. ಪಿ.ಯು.ವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವಳು ಸೆಮಿನಾರಿನಲ್ಲಿ ಇಂಗ್ಲಿಷಿನ ಒಂದು ಪದಕ್ಕೆ ತಡವರಿಸಿದರೆ ಹಿಂದಿನ ಬೆಂಚಿನಿಂದ ನಗು. ಸೀಟು ಸಿಕ್ಕಿದ್ದಕ್ಕೆ 'ಕೋಟಾ' ಅನ್ನುವ ಪಿಸುಮಾತು. ಒಳ್ಳೆ ಅಂಕ ಬಂದರೆ 'ಹುಡುಗೀರಿಗೆ ಇಂಟರ್ನಲ್ಸ್ ಸುಮ್ನೆ ಹಾಕ್ತಾರೆ.' ದಿನಕ್ಕೆ ಹತ್ತು ಸಲ 'ಇದು ನಿನ್ನ ಜಾಗ ಅಲ್ಲ' ಅಂತ ಕೇಳಿಸಿಕೊಂಡವಳು ರಾತ್ರಿ ತನಗೆ ತಾನೇ ಅದನ್ನೇ ಹೇಳಿಕೊಂಡರೆ, ಆ ಮಾತು ಹುಟ್ಟಿದ್ದು ಅವಳ ತಲೆಯಲ್ಲಿ ಅನ್ನುವುದು ಹೇಗೆ?

2021ರಲ್ಲಿ ರುಚಿಕಾ ತುಲ್ಶಿಯಾನ್ ಮತ್ತು ಜೋಡಿ-ಆ್ಯನ್ ಬ್ಯೂರಿ ಬರೆದ ಲೇಖನವೊಂದು ಜಗತ್ತಿನಲ್ಲೆಲ್ಲ ಚರ್ಚೆಯಾದದ್ದು ಇದೇ ಕಾರಣಕ್ಕೆ: ಹೆಣ್ಣುಮಕ್ಕಳಿಗೆ ಸಿಂಡ್ರೋಮ್ ಇದೆ ಅನ್ನುವುದನ್ನು ಬಿಟ್ಟು, ಅವರು ಕೆಲಸ ಮಾಡುವ ಜಾಗಗಳನ್ನು ಸರಿಮಾಡಿ ಎಂದು ಅವರು ಬರೆದರು.

ಮನೆಯ ಪಾಲೂ ಇದೆ. ಮನೆಯಲ್ಲಿ ಒಬ್ಬರನ್ನು 'ಬುದ್ಧಿವಂತ' ಎಂದು ಗುರುತಿಟ್ಟು, ಮಗಳನ್ನು ಬೇರೆ ಏನೋ ಎಂದು ಗುರುತಿಟ್ಟ ಮನೆಗಳನ್ನು ಕ್ಲಾನ್ಸ್ ಮತ್ತು ಐಮ್ಸ್ ಆಗಲೇ ಗಮನಿಸಿದ್ದರು. ನಮ್ಮಲ್ಲಿ ಅದಕ್ಕೆ ಸಿದ್ಧ ಮಾತೇ ಇದೆ: "ಹುಡುಗ ಶಾಣ್ಯಾ, ಓದಲ್ಲ ಅಷ್ಟೇ. ಹುಡುಗಿ ಕಷ್ಟಪಟ್ಟು ಓದ್ತಾಳೆ ಪಾಪ." ಆ 'ಪಾಪ' ಎಂಬ ಎರಡಕ್ಷರವನ್ನು ಅವಳು ಎಂ.ಎಸ್ಸಿ.ವರೆಗೂ ಹೊತ್ತುಕೊಂಡು ಬರುತ್ತಾಳೆ.

ತಪ್ಪು ಕಲ್ಪನೆ: ದೇವರ ಮೇಲೆ ಭಾರ ಹಾಕಿದರೆ ಎಲ್ಲ ಸರಿಹೋಗುತ್ತದೆ

ಅದು ಯಾವ ಭಾರ, ಎಷ್ಟು ಭಾರ ಎಂಬುದರ ಮೇಲೆ ನಿಂತಿದೆ. ಧರ್ಮದ ಮನಶ್ಶಾಸ್ತ್ರದಲ್ಲಿ ದೊಡ್ಡ ಹೆಸರು ಕೆನೆತ್ ಪಾರ್ಗಮೆಂಟ್ ಅವರದು. ಕಷ್ಟ ಬಂದಾಗ ಜನ ದೇವರೊಡನೆ ಮೂರು ಬಗೆಯಲ್ಲಿ ನಡೆದುಕೊಳ್ಳುತ್ತಾರೆ ಎಂದು ಅವರೂ ಅವರ ಸಂಗಡಿಗರೂ 1988ರಲ್ಲಿ ಬರೆದರು. ಕೆಲವರು 'ನಾನೇ ಮಾಡಿಕೊಳ್ಳುತ್ತೇನೆ' ಅನ್ನುತ್ತಾರೆ. ಕೆಲವರು ಎಲ್ಲವನ್ನೂ ದೇವರಿಗೆ ಬಿಟ್ಟು ಕೂರುತ್ತಾರೆ. ಇನ್ನು ಕೆಲವರು ದೇವರೂ ನಾನೂ ಜೊತೆಗೂಡಿ ಮಾಡುತ್ತೇವೆ ಅನ್ನುತ್ತಾರೆ. ಪೂರ್ತಿ ಬಿಟ್ಟು ಕೂರುವವರಲ್ಲಿ ತಮ್ಮ ಕೈಲಾಗುತ್ತದೆ ಎಂಬ ನಂಬಿಕೆ ಕಡಿಮೆ ಇತ್ತು. ಜೊತೆಗೂಡಿ ನಡೆಯುವವರಲ್ಲಿ ಅದು ಹೆಚ್ಚಿತ್ತು. ದೇವರು ನನ್ನನ್ನು ಶಿಕ್ಷಿಸುತ್ತಿದ್ದಾನೆ, ಕೈಬಿಟ್ಟಿದ್ದಾನೆ ಎಂಬ ಭಾವ ಮನಸ್ಸನ್ನು ಇನ್ನಷ್ಟು ಕೆಡಿಸುತ್ತದೆ ಎಂದೂ ಆಮೇಲಿನ ಅವರ ಕೆಲಸ ತೋರಿಸಿತು.

ನನ್ನ ತರಗತಿಗಳಲ್ಲಿ ಇವೆಲ್ಲ ಕಂಡಿವೆ. ಒಬ್ಬಳು ಪರೀಕ್ಷೆಗೆ ಮುಂಚೆ ಕಣ್ಣುಮುಚ್ಚಿ ದುವಾ ಮಾಡಿ, ನೀರು ಕುಡಿದು, ಪೆನ್ನು ತೆಗೆಯುತ್ತಿದ್ದಳು. ಕೈ ನಡುಗುವುದು ನಿಂತಿರುತ್ತಿತ್ತು. ಸೆಪ್ಟೆಂಬರ್ 8ರ ಹಬ್ಬಕ್ಕೆ ಹರಿಹರದ ಆರೋಗ್ಯ ಮಾತೆಯ ಚರ್ಚಿಗೆ ಮೊಂಬತ್ತಿ ಹಚ್ಚಲು ಹೋಗುವವರಲ್ಲಿ ಹಿಂದೂ ಹುಡುಗಿಯರೂ ಇದ್ದಾರೆ. ಹೋಗಿ ಬಂದ ಮೇಲೆ ಅವರ ಮುಖ ಹಗುರವಾಗಿರುತ್ತದೆ. ಇನ್ನೊಬ್ಬಳು ಸೋಮವಾರದ ಉಪವಾಸ ಒಂದು ವಾರ ತಪ್ಪಿತು ಅಂತ ವೈವಾಕ್ಕೇ ಬರಲಿಲ್ಲ. ಅವಳ ಓದು ಮುಗಿದಿತ್ತು. ಪ್ರಾಜೆಕ್ಟ್ ವರದಿ ಬೈಂಡ್ ಆಗಿ ಬ್ಯಾಗಿನಲ್ಲಿತ್ತು.

ತಪ್ಪು ಕಲ್ಪನೆ: 'ಎಲ್ಲ ದೇವರ ದಯೆ' ಅನ್ನುವುದೇ ನಿಜವಾದ ಭಕ್ತಿ

ಈ ಮಾತಿನಲ್ಲಿ ತಪ್ಪಿಲ್ಲ. ಅದರ ಹಿಂದೆ ಓದಿದ ರಾತ್ರಿಗಳನ್ನು ಅಡಗಿಸಿಡುವುದರಲ್ಲಿ ತಪ್ಪಿದೆ. ದೃಷ್ಟಿ ತಾಗೀತು ಅಂತ ಒಳ್ಳೆಯದನ್ನು ಹೇಳಿಕೊಳ್ಳದ ಅಭ್ಯಾಸವೂ ಇದರ ಜೊತೆ ಸೇರಿಕೊಂಡಿದೆ. ಹೇಳಿಕೊಳ್ಳದೆ ಹೇಳಿಕೊಳ್ಳದೆ ಕೊನೆಗೆ ತನಗೇ ಮರೆತುಹೋಗುತ್ತದೆ.

ಬಸವಣ್ಣನವರ ಮಾತು ಬಿಟ್ಟು ಮಾತಾಡದ ಊರು ನಮ್ಮದು. ಆ ಶರಣರ ದಾರಿಯಲ್ಲಿ ದಯೆಯ ಪಕ್ಕದಲ್ಲೇ ಕಾಯಕ ಕೂತಿದೆ. ಆಯ್ದಕ್ಕಿ ಲಕ್ಕಮ್ಮನ ಕಥೆ ನೆನೆಯಿರಿ. ಗಂಡ ಮಾರಯ್ಯ ಕಲ್ಯಾಣದಲ್ಲಿ ಚೆಲ್ಲಿದ ಅಕ್ಕಿ ಆಯ್ದು ತರುತ್ತಿದ್ದ. ಒಂದು ದಿನ ಎಂದಿಗಿಂತ ಹೆಚ್ಚು ತಂದಾಗ, ಬೇಕಾದಷ್ಟಕ್ಕಿಂತ ಮಿಕ್ಕಿದ್ದನ್ನು ವಾಪಸು ಸುರಿದು ಬಾ ಎಂದು ಲಕ್ಕಮ್ಮ ಕಳಿಸಿದಳು. ಈ ಕಥೆಯನ್ನು ನಾವು ಆಸೆ ಬೇಡ ಎಂಬ ಪಾಠಕ್ಕೆ ಹೇಳುತ್ತೇವೆ. ನನಗೆ ಅದರಲ್ಲಿ ಇನ್ನೊಂದು ಕಾಣುತ್ತದೆ. ತಮ್ಮದು ಯಾವುದು, ತಮ್ಮದಲ್ಲದ್ದು ಯಾವುದು ಎಂಬ ಲೆಕ್ಕ ಆ ಹೆಣ್ಣುಮಗಳಿಗೆ ಕಾಳಿನ ಮಟ್ಟಿಗೆ ಗೊತ್ತಿತ್ತು. ಮಿಕ್ಕ ಅಕ್ಕಿಯನ್ನು ಹಿಂದಕ್ಕೆ ಕಳಿಸಿದವಳು ದುಡಿದು ತಂದ ಪಾಲನ್ನು ಹಿಂದಕ್ಕೆ ಕಳಿಸಲಿಲ್ಲ, ಅದನ್ನು ಬೇಯಿಸಿ ಬಡಿಸಿದಳು.

ತಪ್ಪು ಕಲ್ಪನೆ: ಪ್ರಶ್ನೆ ಕೇಳುತ್ತಾರೆ ಅಂದರೆ ನನ್ನ ಯೋಗ್ಯತೆಯನ್ನೇ ಅನುಮಾನಿಸುತ್ತಾರೆ

ವೈವಾಕ್ಕೆ ಕಾದು ನಿಂತ ಹುಡುಗಿಯರಿಗೆ ನಾನು ಅಕ್ಕಮಹಾದೇವಿಯ ಕಥೆ ಹೇಳುತ್ತೇನೆ. ಉಡುತಡಿಯಿಂದ ಕಲ್ಯಾಣಕ್ಕೆ ನಡೆದು ಬಂದ ಒಬ್ಬಳು ತರುಣಿ. ಎದುರಿಗೆ ಅನುಭವ ಮಂಟಪದ ಹಿರಿಯ ಅಲ್ಲಮಪ್ರಭು. ಬರಮಾಡಿಕೊಳ್ಳುವ ಮೊದಲು ನಿನ್ನ ಗಂಡ ಯಾರು ಎಂದು ಕೇಳಿದ, ಉಡುಗೆ ಬಿಟ್ಟವಳು ಕೂದಲಲ್ಲಿ ಮೈ ಮುಚ್ಚಿಕೊಂಡದ್ದೇಕೆ ಎಂದು ಕೇಳಿದ. ತುಂಬಿದ ಸಭೆಯಲ್ಲಿ ಇಂಥ ಪ್ರಶ್ನೆಗಳು. ಹದಿನೈದನೇ ಶತಮಾನದಲ್ಲಿ ಜೋಡಿಸಿದ ಶೂನ್ಯಸಂಪಾದನೆ ಈ ಸಂವಾದವನ್ನು ವಿಸ್ತಾರವಾಗಿ ಕಟ್ಟಿಕೊಡುತ್ತದೆ. ಆಕೆ ತಲೆ ತಗ್ಗಿಸಿ ಹೊರಟುಹೋಗಲಿಲ್ಲ, ಎಲ್ಲ ನಿಮ್ಮ ದಯೆ ಅನ್ನಲಿಲ್ಲ, ಒಂದೊಂದಕ್ಕೂ ತನ್ನ ಮಾತಿನಲ್ಲಿ ಉತ್ತರ ಕೊಟ್ಟಳು. ಕೇಳಿದವನೇ ಕೊನೆಗೆ ಆಕೆಯನ್ನು ಒಪ್ಪಿ ಗೌರವಿಸಿದ. ಅಣ್ಣನ ಮರಣದ ದುಃಖದಲ್ಲಿದ್ದ ಮುಕ್ತಾಯಕ್ಕ ಇದೇ ಅಲ್ಲಮನ ಜೊತೆ ಸಮಸಮ ವಾದಕ್ಕೆ ನಿಂತವಳು. ಅವರ ದೇವರು ಅವರಿಗೆ ಉತ್ತರ ಹೇಳುವ ಬಾಯಿ ಕೊಟ್ಟಿದ್ದ. ನಮ್ಮ ಹುಡುಗಿಯರಿಗೆ ಭಕ್ತಿ ಕಲಿಸುವಾಗ ಆ ಬಾಯಿಯ ಮಾತನ್ನೇ ಬಿಟ್ಟುಬಿಡುತ್ತೇವೆ.

ತಪ್ಪು ಕಲ್ಪನೆ: ಗುಡಿ, ಪೂಜೆ ಎಲ್ಲ ಬಿಟ್ಟರೆ ಆತ್ಮವಿಶ್ವಾಸ ಬರುತ್ತದೆ

ಓದಿದವರು ಕೆಲವರು ಹೀಗೆ ಹೇಳುವುದುಂಟು. ಒಬ್ಬಳ ಬೆಳಗಿನ ಹತ್ತು ನಿಮಿಷದ ಲಿಂಗಪೂಜೆಯನ್ನು ಕಿತ್ತುಕೊಂಡರೆ ಅವಳಿಗೆ ಉಳಿಯುವುದು ಹತ್ತು ನಿಮಿಷ ಹೆಚ್ಚಿನ ದಿಗಿಲು. ಯಾರ ಜೊತೆಗೂ ಹೋಲಿಸಿಕೊಳ್ಳಬೇಕಿಲ್ಲದ, ಅಂಕ ಕೇಳದ ಜಾಗ ಅವಳ ದಿನದಲ್ಲಿ ಬಹುಶಃ ಅದೊಂದೇ. ದೇವರೇ ಬೇಡ ಅನ್ನುವ ಹುಡುಗಿಗೂ ಅಂಥದೊಂದು ಜಾಗ ಬೇಕು. ಅವಳು ಅದನ್ನು ಹಾಡಿನಲ್ಲೋ, ಹೊಳೆದಂಡೆಯಲ್ಲೋ ಕಂಡುಕೊಂಡರೆ ಅದೂ ಸರಿಯೇ.

ತಪ್ಪು ಕಲ್ಪನೆ: ನಂಬಿಕೆ ಇದ್ದವರು ಆಪ್ತಸಮಾಲೋಚಕರ ಹತ್ತಿರ ಹೋಗಬಾರದು

ಜ್ವರಕ್ಕೆ ಹರಕೆ ಹೊತ್ತವರೂ ಮಾತ್ರೆ ನುಂಗುತ್ತಾರೆ. ನಿದ್ದೆ ಕೆಟ್ಟರೆ, ಊಟ ಬಿಟ್ಟರೆ, ಕಾಲೇಜು ಬಿಡುವ ಯೋಚನೆ ಬಂದರೆ, ಬದುಕೇ ಸಾಕು ಅನಿಸಿದರೆ ಅದು ಬರೀ ಆತ್ಮಶಂಕೆಯಲ್ಲ, ಖಿನ್ನತೆ ಇರಬಹುದು. 2022ರ ಅಕ್ಟೋಬರ್ 10ರಂದು ಶುರುವಾದ ಸರ್ಕಾರದ ಟೆಲಿ-ಮಾನಸ್ ಸಹಾಯವಾಣಿಗೆ 14416ರಲ್ಲಿ ಪುಕ್ಕಟೆಯಾಗಿ, ಹಗಲು-ರಾತ್ರಿ ಕರೆ ಮಾಡಬಹುದು. ಕನ್ನಡದಲ್ಲೇ ಮಾತಾಡಬಹುದು.

ಹರಿಹರದ ಹುಡುಗಿಗೆ ನಾನು ಒಂದೇ ಕೆಲಸ ಹೇಳಿದ್ದೆ. ಗುಡಿಗೆ ಹೋಗುವುದನ್ನು ಬಿಡಬೇಡ, ಆದರೆ ಬಸ್ಸಿನಲ್ಲಿ ಕೂತಾಗ ನಿನ್ನೆ ನೀನು ಏನು ಮಾಡಿದೆ ಎಂಬುದನ್ನು ಒಂದು ಸಾಲು ಬರಿ, ಲಕ್ಕು ಎಂಬ ಪದ ಬೇಡ ಅಂದೆ. ತಿಂಗಳಾದ ಮೇಲೆ ನೋಟ್‌ಬುಕ್ ತಂದು ಮೇಜಿನ ಮೇಲಿಟ್ಟಳು. ಬಸ್ಸಿನ ಕುಲುಕಾಟಕ್ಕೆ ಅಕ್ಷರ ಸೊಟ್ಟಗಾಗಿದ್ದವು. ಪ್ರತಿ ಪುಟದ ತಲೆಯಲ್ಲಿ 'ಶ್ರೀ ಹರಿಹರೇಶ್ವರ ಪ್ರಸನ್ನ' ಎಂದಿತ್ತು. ಅದರ ಕೆಳಗೆ, ಮೊದಲ ದಿನ: 'ಲ್ಯಾಬಿನಲ್ಲಿ ರೀಡಿಂಗ್ ತಪ್ಪು ಬಂತು, ಮೂರು ಸಲ ಮಾಡಿ ಸರಿ ಮಾಡಿದೆ.' ಕೊನೆಯ ದಿನ: 'ಜೂನಿಯರ್ ಒಬ್ಬಳಿಗೆ ಗ್ರಾಫ್ ಹೇಳಿಕೊಟ್ಟೆ. ಅವಳಿಗೆ ಅರ್ಥ ಆಯ್ತು. ನನಗೂ ಬರುತ್ತೆ.'