ತೆರಿಗೆಯ ಬಾಕಿಯೂ ವಸೂಲಿಯ ಕ್ರಮವೂ

ಕಳೆದ ತಿಂಗಳು ನಮ್ಮ ಪೇಟೆಯ ಹಿರಿಯ ಬಟ್ಟೆ ವ್ಯಾಪಾರಿಗಳೊಬ್ಬರು ಕಚೇರಿಗೆ ಬಂದು, ಬಹಳ ಹೊತ್ತು ಮಾತಿಲ್ಲದೆ ಕುಳಿತಿದ್ದು, ಕೊನೆಗೆ ಮಡಿಸಿದ ಕಾಗದವೊಂದನ್ನು ಮೇಜಿನ ಮೇಲಿಟ್ಟು, “ರಾಯರೆ, ಯಾರಲ್ಲಿಯೂ ಕೈಚಾಚದೆ ಬಾಳಿದವನು ಈ ವಯಸ್ಸಿನಲ್ಲಿ ಸಾಲಗಾರನೆನಿಸಿಕೊಂಡೆನಲ್ಲ” ಎಂದರು. 2012-13ನೆಯ ಸಾಲಿನ ಆದಾಯಕ್ಕೆ ಅವರು ಕೊಡಬೇಕಾದ ತೆರಿಗೆಯಲ್ಲಿ 11,640 ರೂಪಾಯಿ ನಿಂತಿದೆಯೆಂದೂ, ಈಗ ಅವರಿಗೆ ಬರತಕ್ಕ ಮರುಪಾವತಿಯನ್ನು ಆ ಬಾಕಿಗೆ ವಜಾ ಹಾಕಿಕೊಳ್ಳಲಾಗುವುದೆಂದೂ ಆ ಕಾಗದದಲ್ಲಿ ಬರೆದಿತ್ತು. ಹಿಂದೆ ಬಂದ ಸೂಚನೆಗಳು ಅವರ ಲೆಕ್ಕ ಬರೆಯುತ್ತಿದ್ದವರ ಇ-ಮೈಲಿಗೆ ಹೋಗಿದ್ದವು. ಆ ಮಹನೀಯರು ತೀರಿಕೊಂಡು ನಾಲ್ಕು ವರ್ಷಗಳಾದವು. ಟಪಾಲಿನಲ್ಲಿ ಬಂದ ಎರಡು ಲಕೋಟೆಗಳನ್ನು ಒಡೆಯದೆಯೇ ದೇವರ ಪಟದ ಹಿಂದೆ ಇಟ್ಟಿದ್ದರಂತೆ. ಏಕೆಂದು ಕೇಳಿದರೆ, “ಒಡೆದರೆ ಮನೆಯ ಮುಂದೆ ತಮಟೆ ಬಡಿಸುತ್ತಾರೆಂಬ ಭಯ” ಎಂದರು.

ಈ ಭಯವನ್ನು ಕಂಡು ನಗುವವರು ಇತಿಹಾಸವನ್ನು ಅರಿಯದವರು. ಸರಕಾರದ ಬಾಕಿಯೆಂದರೆ ಮನೆಯ ಬಾಗಿಲಿಗೆ ಅವಮಾನವು ಬಂದು ನಿಲ್ಲುವುದೆಂಬ ನಂಬಿಕೆ ನಮ್ಮ ಜನರಲ್ಲಿ ಸುಮ್ಮನೆ ಹುಟ್ಟಿದುದಲ್ಲ. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಮೈಸೂರು ಸೀಮೆಯಲ್ಲಿ ‘ಷರತ್ತು’ ಎಂಬ ಪದ್ಧತಿಯಿತ್ತು. ಇಂತಿಷ್ಟು ಹಣವನ್ನು ಖಜಾನೆಗೆ ತಂದು ಕಟ್ಟುವೆನೆಂದು ಅಮಲ್ದಾರನು ಮುಚ್ಚಳಿಕೆ ಬರೆದುಕೊಡುವನು. ಕಡಮೆ ಬಿದ್ದರೆ ತಾನೇ ತುಂಬಿಕೊಡಬೇಕು. ಹೀಗೆ ಮುಚ್ಚಳಿಕೆ ಕೊಟ್ಟವನು ರೈತನ ಮೊರೆಯನ್ನು ಕೇಳುವನೆಂದು ಯಾರಾದರೂ ನಿರೀಕ್ಷಿಸಬಹುದೇ? 1830ರಲ್ಲಿ ನಗರ ಸೀಮೆಯ ರೈತರು ತಿರುಗಿಬಿದ್ದರು. ಮರುವರ್ಷವೇ ಕಂಪೆನಿಯವರು ಅದೇ ನೆಪದಿಂದ ರಾಜ್ಯದ ಆಡಳಿತವನ್ನು ತಮ್ಮ ವಶಕ್ಕೆ ತೆಗೆದುಕೊಂಡರು.

ಹಾಗೆ ಸುಧಾರಣೆಯ ಹೆಸರಿನಲ್ಲಿ ಬಂದವರ ಸ್ವಂತ ಪ್ರಾಂತದಲ್ಲಿ ನಡೆಯುತ್ತಿದ್ದುದೇನು? ಬಳ್ಳಾರಿಯೂ ಕೆನರಾ ಜಿಲ್ಲೆಯೂ ಆಗ ಮದರಾಸು ಪ್ರಾಂತಕ್ಕೆ ಸೇರಿದ್ದವು. ಕಂದಾಯದ ವಸೂಲಿಯಲ್ಲಿ ಹಿಂಸೆ ನಡೆಯುತ್ತಿದೆಯೆಂಬ ಮಾತು 1854ರಲ್ಲಿ ಇಂಗ್ಲೆಂಡಿನ ಪಾರ್ಲಿಮೆಂಟಿನವರೆಗೆ ಹೋಗಿ, ವಿಚಾರಣೆಗಾಗಿ ನೇಮಿಸಿದ ಆಯೋಗವು 1855ರಲ್ಲಿ ವರದಿಯನ್ನೊಪ್ಪಿಸಿತು. ಬೆರಳುಗಳನ್ನು ಮರದ ಕಡ್ಡಿಗಳ ನಡುವೆ ಸಿಕ್ಕಿಸಿ ಅದುಮುವ ‘ಕಿಟ್ಟಿ’, ಮನುಷ್ಯನನ್ನು ಬಗ್ಗಿಸಿ ತಲೆಯನ್ನು ಕಾಲಿಗೆ ಕಟ್ಟಿ ಬಿಸಿಲಿನಲ್ಲಿ ನಿಲ್ಲಿಸುವ ‘ಅನಂದಾಲ್’ ಮೊದಲಾದವುಗಳನ್ನು ಆ ವರದಿಯಲ್ಲಿ ಒಂದೊಂದಾಗಿ ಬರೆದಿದ್ದಾರೆ. ಇವೆಲ್ಲವೂ ಕೆಳಗಿನ ದೇಶೀಯ ನೌಕರರ ಕೃತ್ಯ, ಬಿಳಿಯ ಅಧಿಕಾರಿಗಳ ಸಮ್ಮತಿ ಇದಕ್ಕಿರಲಿಲ್ಲವೆಂದು ಆಯೋಗದವರು ತೀರ್ಮಾನಿಸಿದರು. ಕೃತ್ಯ ಕೆಳಗಿನವರದಾದರೂ ಹಣ ಹೋಗಿ ಸೇರುತ್ತಿದ್ದುದು ಮೇಲಿನವರ ಖಜಾನೆಗೆ ಎಂಬುದನ್ನು ವಾಚಕರು ಗಮನಿಸಬೇಕು. ಅದು ಹೇಗಾದರೂ ಇರಲಿ. ಪೋಲೀಸಿನ ಕೆಲಸವನ್ನು ಕಂದಾಯದ ನೌಕರರಿಂದ ಬೇರ್ಪಡಿಸಿದುದೂ, ಬಾಕಿಯ ವಸೂಲಿಗೆ ನೋಟೀಸು, ಜಪ್ತಿ, ಹರಾಜು ಎಂಬ ಮೆಟ್ಟಿಲುಗಳನ್ನು ವಿಧಿಸುವ 1864ರ ಮದರಾಸು ಶಾಸನವು ಬಂದುದೂ ಆ ಬಳಿಕವೇ. ಇಂದು ನಾವು ನೋಟೀಸೆಂದು ಹೆದರುವ ಕಾಗದವು ಒಂದು ಕಾಲದಲ್ಲಿ ಕಿಟ್ಟಿಯ ಸ್ಥಳದಲ್ಲಿ ಬಂದು ನಿಂತುದು. ಅದು ರೈತನ ರಕ್ಷಣೆಗಾಗಿ ಹುಟ್ಟಿದ ಕಾಗದ.

ಆದರೂ ಕಾಗದದ ಹಿಂದೆ ಜಪ್ತಿಯಿದೆ, ಜಪ್ತಿಯ ಹಿಂದೆ ಹರಾಜಿದೆ. ಹರಾಜಾದುದನ್ನು ಹಿಂದಕ್ಕೆ ಪಡೆಯುವುದು ಎಷ್ಟು ದುಸ್ತರವೆಂಬುದನ್ನು ಉತ್ತರ ಕನ್ನಡದವರಿಗೆ ಹೇಳಬೇಕಾಗಿಲ್ಲ. 1930ರಿಂದೀಚೆಗಿನ ಕರನಿರಾಕರಣೆಯ ಹೋರಾಟದಲ್ಲಿ ಅಂಕೋಲೆ, ಸಿದ್ದಾಪುರ ತಾಲ್ಲೂಕುಗಳ ಅನೇಕ ಕುಟುಂಬಗಳು ಗದ್ದೆ ತೋಟಗಳನ್ನು ಕಳೆದುಕೊಂಡವು. ಮಾವಿನಗುಂಡಿಯಲ್ಲಿ, ಜಪ್ತಿಯಾದ ಸ್ವತ್ತನ್ನು ಕೊಂಡವರ ಮನೆಯ ಮುಂದೆ ಹೆಂಗಸರು ಉಪವಾಸ ಕುಳಿತರು. ಆ ಭೂಮಿಗಳು ಹಿಂದಕ್ಕೆ ಬರಬೇಕಾದರೆ ಚುನಾವಣೆ ನಡೆದು, ಮುಂಬಯಿಯಲ್ಲಿ ಕಾಂಗ್ರೆಸ್ ಮಂತ್ರಿಮಂಡಲವು ಅಧಿಕಾರಕ್ಕೆ ಬಂದು, 1938ರಲ್ಲಿ ಇದಕ್ಕೆಂದೇ ಒಂದು ಶಾಸನವನ್ನು ಮಾಡಬೇಕಾಯಿತು. ಅವರು ಕೊಡಲಾರದವರಲ್ಲ, ಕೊಡೆವೆಂದು ನಿಂತವರು. ಅವರ ಮಾತು ಬೇರೆ. ಕೈಸಾಲದಿಲ್ಲವೆಂದೋ ಲೆಕ್ಕ ತಪ್ಪಿತೆಂದೋ ಬಾಕಿ ಬಿದ್ದ ಸಾಧಾರಣ ಗೃಹಸ್ಥನಿಗಾಗಿ ಯಾವ ಶಾಸನಸಭೆಯೂ ಹೊಸ ಶಾಸನವನ್ನು ಮಾಡಲಾರದು. ಅವನು ಹರಾಜಿಗೆ ಮೊದಲೇ ಎಚ್ಚೆತ್ತುಕೊಳ್ಳಬೇಕು.

ಕಾನೂನಿನ ಅಧಿಕಾರವಿಲ್ಲದೆ ಯಾವ ತೆರಿಗೆಯನ್ನೂ ವಿಧಿಸಲೂ ಕೂಡದು, ವಸೂಲು ಮಾಡಲೂ ಕೂಡದು ಎಂದು ನಮ್ಮ ಸಂವಿಧಾನದ 265ನೆಯ ಅನುಚ್ಛೇದವು ಸಾರುತ್ತದೆ. ವಿಧಿಸುವುದು, ವಸೂಲು ಮಾಡುವುದು ಎಂಬ ಎರಡು ಮಾತುಗಳೂ ಅಲ್ಲಿರುವುದು ಕಾಕತಾಳೀಯವಲ್ಲ. ತೆರಿಗೆಯು ನ್ಯಾಯವಾದುದೇ ಆದರೂ ವಸೂಲಿಯು ಕ್ರಮ ತಪ್ಪಿದರೆ ಅದು ಅನ್ಯಾಯವೇ.

ಆ ಕ್ರಮವನ್ನು ಬಾಕಿದಾರನು ಅರಿತಿರಬೇಕು. 1961ರ ಆದಾಯ ತೆರಿಗೆ ಶಾಸನವು ಹಾಕಿಕೊಟ್ಟ ದಾರಿಯೇ 2025ರ ಹೊಸ ಶಾಸನದಲ್ಲಿಯೂ ಬಹುಮಟ್ಟಿಗೆ ಉಳಿದಿದೆ. ಬೇಡಿಕೆಯ ನೋಟೀಸು ತಲಪಿದ ಮೇಲೆ ಸಾಮಾನ್ಯವಾಗಿ 30 ದಿನಗಳ ಅವಧಿ. ಅದು ಮೀರಿದರೆ ತಿಂಗಳಿಗೆ ನೂರಕ್ಕೆ ಒಂದರಂತೆ ಬಡ್ಡಿ. ಒಮ್ಮೆಲೇ ಕಟ್ಟಲಾಗದವನು ಕಂತುಗಳಿಗಾಗಿ ಅರ್ಜಿಯನ್ನು ಕೊಡಬಹುದು. ಆದರೆ ಆ ಅರ್ಜಿಯನ್ನು ಅವಧಿ ಮುಗಿಯುವುದಕ್ಕೆ ಮೊದಲೇ ಕೊಡಬೇಕು. ಈ ಒಂದು ಅಂಶವನ್ನು ತಿಳಿಯದೆ ಕೆಟ್ಟವರು ಎಷ್ಟೋ ಮಂದಿ. ತೆರಿಗೆಯೇ ತಪ್ಪೆಂದು ಅಪೀಲು ಹೋದವನು, ಬರಿಯ ಅಪೀಲಿನಿಂದ ವಸೂಲಿ ನಿಂತಿತೆಂದು ನಿಶ್ಚಿಂತನಾಗಿರಲಾಗದು; ತಡೆಯನ್ನು ಬೇರೆಯಾಗಿ ಬೇಡಬೇಕು. 2017ರ ಸುತ್ತೋಲೆಯಂತೆ, ವಿವಾದದಲ್ಲಿರುವ ಮೊತ್ತದಲ್ಲಿ ನೂರಕ್ಕೆ 20ರಷ್ಟನ್ನು ಕಟ್ಟಿದವನಿಗೆ ಸಾಮಾನ್ಯವಾಗಿ ತಡೆ ದೊರೆಯುವುದು.

ಏನನ್ನೂ ಮಾಡದೆ ಸುಮ್ಮನಿದ್ದವನ ಬ್ಯಾಂಕಿಗೂ ಅವನಿಗೆ ಹಣ ಕೊಡಬೇಕಾದವರಿಗೂ ನೇರವಾಗಿ ಆಜ್ಞೆ ಹೋಗುತ್ತದೆ. ಆಮೇಲೆ ಚರಸ್ವತ್ತು, ಸ್ಥಿರಸ್ವತ್ತುಗಳ ಜಪ್ತಿ. ನಮ್ಮ ವ್ಯಾಪಾರಿಗಳ ಭಯ ಹುಸಿಯಲ್ಲ, ಸ್ಥಿರಸ್ವತ್ತಿನ ಜಪ್ತಿಯನ್ನು ಡಂಗುರ ಹೊಡೆಸಿ ಸಾರುವುದು ಇಂದಿನವರೆಗೂ ನಿಯಮದಲ್ಲಿ ಉಳಿದುಬಂದಿದೆ. ಆದರೆ ಎಲ್ಲವನ್ನೂ ಹೊತ್ತುಕೊಂಡು ಹೋಗಲು ಯಾರಿಗೂ ಅಧಿಕಾರವಿಲ್ಲ. ಉಡುವ ಬಟ್ಟೆ, ಅಡಿಗೆಯ ಪಾತ್ರೆ, ಹಾಸಿಗೆ, ಧರ್ಮದ ರೂಢಿಯಂತೆ ಹೆಂಗಸು ಮೈಮೇಲಿಂದ ತೆಗೆಯಲಾಗದ ಆಭರಣ, ಕಸುಬುದಾರನ ಹತ್ಯಾರು, ರೈತನ ನೇಗಿಲು, ಬೇಸಾಯಕ್ಕೆ ಬೇಕಾದ ದನ, ಬಿತ್ತನೆಯ ಕಾಳು ಇವುಗಳನ್ನು 1908ರ ದಿವಾಣಿ ಸಂಹಿತೆಯು ಜಪ್ತಿಯಿಂದ ಉಳಿಸಿದೆ. ತೆರಿಗೆಯ ಜಪ್ತಿಗೂ ಅದೇ ಮಿತಿ. ಸೆರೆಮನೆಯ ಮಾತೂ ಶಾಸನದಲ್ಲಿದೆ, ಆದರೆ ಕಾರಣ ಕೇಳದೆ ಹಿಡಿಯಲಾಗದು, ಹೆಂಗಸರನ್ನಂತೂ ಹಿಡಿಯಲೇ ಕೂಡದು. ದುರ್ಬುದ್ಧಿಯಿಲ್ಲದೆ ಕೇವಲ ಬಡತನದಿಂದ ಸಾಲ ತೀರಿಸದವನನ್ನು ಬಂಧಿಸುವುದು ಸಂವಿಧಾನಕ್ಕೆ ವಿರುದ್ಧವೆಂದು ಸರ್ವೋಚ್ಚ ನ್ಯಾಯಾಲಯವು 1980ರಲ್ಲಿ, ಬ್ಯಾಂಕೊಂದರ ಸಾಲದ ಮೊಕದ್ದಮೆಯಲ್ಲಿ, ತೀರ್ಪು ಕೊಟ್ಟಿದೆ.

ಇಷ್ಟನ್ನೂ ಪ್ರಜೆಗೆ ಹೇಳಿದ ಮೇಲೆ ಅಧಿಕಾರಿವರ್ಗಕ್ಕೂ ಒಂದು ಮಾತನ್ನು ಹೇಳದಿರಲಾರೆವು. ಸರಕಾರದ ಪುಸ್ತಕದಲ್ಲಿ ಬರೆದ ಬಾಕಿಯೆಲ್ಲವೂ ನಿಜವಾದ ಬಾಕಿಯಲ್ಲ. ಇದು ನಮ್ಮ ಆರೋಪವಲ್ಲ. ಸರಕಾರವೇ ಒಪ್ಪಿಕೊಂಡ ಸಂಗತಿ. 2024ರ ಫೆಬ್ರವರಿ 1ರಂದು ಆಯವ್ಯಯವನ್ನು ಮಂಡಿಸುತ್ತ ಅರ್ಥಸಚಿವರು, ಪರಿಶೀಲಿಸದೆಯೂ ತಾಳೆ ನೋಡದೆಯೂ ಉಳಿದ ಸಣ್ಣ ಸಣ್ಣ ಬೇಡಿಕೆಗಳು 1962ರಷ್ಟು ಹಿಂದಿನಿಂದ ಪುಸ್ತಕದಲ್ಲಿ ನಿಂತು ಪ್ರಾಮಾಣಿಕರನ್ನು ಕಾಡುತ್ತಿವೆಯೆಂದು ತಿಳಿಸಿ, 2009-10ರವರೆಗಿನ 25,000 ರೂಪಾಯಿವರೆಗಿನವನ್ನೂ, 2010-11ರಿಂದ 2014-15ರವರೆಗಿನ 10,000 ರೂಪಾಯಿವರೆಗಿನವನ್ನೂ ಕೈಬಿಟ್ಟರು. ಸುಮಾರು ಒಂದು ಕೋಟಿ ಜನರಿಗೆ ಇದರಿಂದ ಅನುಕೂಲವೆಂದು ಆಗ ಹೇಳಲಾಯಿತು. ಅಷ್ಟು ಮಂದಿ ಅಷ್ಟು ವರ್ಷ, ತಾಳೆ ನೋಡದ ಲೆಕ್ಕಕ್ಕಾಗಿ ಬಾಕಿದಾರರೆನಿಸಿಕೊಂಡಿದ್ದರೆಂದರೆ, ನೋಟೀಸನ್ನು ಕಳುಹಿಸುವ ಮೊದಲು ಕಡತವನ್ನು ತೆರೆದು ನೋಡುವ ಶ್ರಮವನ್ನು ಯಾರು ವಹಿಸಬೇಕಾಗಿತ್ತು?

ನಮ್ಮ ವ್ಯಾಪಾರಿಗಳ ಬಾಕಿ 1,640 ರೂಪಾಯಿಗಳಿಂದ ಆ ಗೆರೆಯಾಚೆ ಉಳಿಯಿತು. ಅವರನ್ನು ಮನೆಗೆ ಕಳುಹಿಸಿ ಹಳೆಯ ಪೆಟ್ಟಿಗೆಯನ್ನು ಹುಡುಕಿಸಿದೆವು. ಮೂರನೆಯ ದಿನ ಬ್ಯಾಂಕಿನ ಮೊಹರಿದ್ದ ಚಲನು ಸಿಕ್ಕಿತು. ಹಣವನ್ನು ಆಗಲೇ ಕಟ್ಟಿದ್ದಾರೆ, ಆದರೆ ಚಲನಿನಲ್ಲಿ ವರ್ಷವನ್ನು ಬರೆಯುವ ಕಡೆ ಹಿಂದಿನ ವರ್ಷವು ಬಿದ್ದಿದೆ. ಬೇಡಿಕೆಯನ್ನು ಒಪ್ಪುವುದಿಲ್ಲವೆಂಬ ಉತ್ತರವನ್ನು ಗಡುವಿನೊಳಗೆ ಇಲಾಖೆಯ ಜಾಲತಾಣದಲ್ಲಿ ಅವರ ಮೊಮ್ಮಗಳು ದಾಖಲಿಸಿದಳು. ಚಲನನ್ನು ತಿದ್ದಿಕೊಡಬೇಕೆಂಬ ಅರ್ಜಿಯನ್ನು ಅವರೇ ಅಧಿಕಾರಿಗಳ ಕೈಗೆ ಕೊಟ್ಟು, ಸ್ವೀಕೃತಿಯ ಮೊಹರನ್ನು ಹಾಕಿಸಿಕೊಂಡು ಬಂದಿದ್ದಾರೆ. ಆ ಪ್ರತಿಯನ್ನೂ ದೇವರ ಪಟದ ಹಿಂದೆಯೇ ಇಟ್ಟಿರುವರಂತೆ. ಈ ಸಲ ಲಕೋಟೆಯಿಲ್ಲದೆ.