ಮೀನಿನ ಹೊಟ್ಟೆಯ ಹುಳು

ಕಳೆದ ಬೇಸಗೆಯ ರಜದಲ್ಲಿ ನಾನು ಊರಿಗೆ ಹೋಗಿದ್ದಾಗ ನಮ್ಮ ತಾಯಿಯವರು ಕೆರೆಯ ಮೀನನ್ನು ಹಸನು ಮಾಡುತ್ತಿದ್ದರು. ಒಂದು ಮೀನಿನ ಹೊಟ್ಟೆಯನ್ನು ಸೀಳಿದೊಡನೆ ಬಿಳಿಯ ಲಾಡಿಯಂತಹ ಹುಳುವೊಂದು ಹೊರಬಿದ್ದಿತು. “ಓದಿದೋನು ನೀನು, ಹೇಳಪ್ಪ, ಇದನ್ನ ತಿನ್ನಬೌದೋ, ಬಿಸಾಡಬೇಕೋ?” ಎಂದರು. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೊಬ್ಬನೇ. ತಿಳಿಯದೆನ್ನಲು ನಾಚಿ, “ಬಿಸಾಡವ್ವ” ಎಂದುಬಿಟ್ಟೆ. ಆ ರಾತ್ರಿ ಮನೆಮಂದಿಯೆಲ್ಲ ಬರಿಯ ಉಪ್ಪುಸಾರಿನಲ್ಲಿ ಮುದ್ದೆ ಉಂಡೆವು. ಕಾಲೇಜಿಗೆ ಮರಳಿದ ಮೇಲೆ ಪುಸ್ತಕಗಳನ್ನು ತಿರುವಿ ತಿಳಿದುಕೊಂಡುದನ್ನು ವಾಚಕರ ಮುಂದಿಡುತ್ತಿದ್ದೇನೆ.

ನಾನು ಕಂಡ ಹುಳುವಿಗೆ ಲಿಗುಲಾ ಎಂಬ ಲಾಡಿಹುಳುವಿನ ವರ್ಣನೆ ಚೆನ್ನಾಗಿ ಒಪ್ಪುತ್ತದೆ. ಈ ಹುಳುವಿನ ಬಾಳು ಮೂರು ಮನೆಗಳಲ್ಲಿ ಸಾಗುತ್ತದೆ. ನೀರುಹಕ್ಕಿಯ ಹಿಕ್ಕೆಯೊಡನೆ ಮೊಟ್ಟೆಗಳು ನೀರಿಗೆ ಬೀಳುತ್ತವೆ. ಅವುಗಳಿಂದ ಹೊರಟ ಮರಿಗಳನ್ನು ಕೋಪೆಪಾಡ್ ಎಂಬ ಚುಕ್ಕೆಯಷ್ಟು ಸಣ್ಣ ಜಲಜೀವಿಗಳು ನುಂಗುತ್ತವೆ. ಆ ಜೀವಿಗಳನ್ನು ಮೀನು ತಿನ್ನುತ್ತದೆ. ಮೀನಿನ ಉದರದಲ್ಲಿ ಹುಳು ಬೆಳೆದಂತೆ ಮೀನು ಸಂತಾನಶಕ್ತಿಯನ್ನೇ ಕಳೆದುಕೊಳ್ಳುವುದುಂಟು. ಕೊನೆಗೆ ಅಂತಹ ಮೀನನ್ನು ನೀರುಹಕ್ಕಿ ನುಂಗಿದಾಗ ಚಕ್ರ ಪೂರ್ತಿಯಾಗುತ್ತದೆ. ಹುಳುವಿನ ಸಹಜವಾದ ಕಡೆಯ ಮನೆ ಹಕ್ಕಿಯ ಕರುಳೇ ಹೊರತು ಮನುಷ್ಯನ ದೇಹವಲ್ಲ. ಕರುಳು ತೆಗೆದು, ತೊಳೆದು, ಚೆನ್ನಾಗಿ ಬೇಯಿಸಿದ್ದರೆ ಅಂದಿನ ಮೀನನ್ನು ನಾವು ನಿಶ್ಚಿಂತೆಯಿಂದ ಉಣ್ಣಬಹುದಾಗಿತ್ತು.

ಹಾಗಾದರೆ ಮೀನಿನ ಹುಳುವಿನಿಂದ ಮನುಷ್ಯನಿಗೆ ಭಯವೇ ಇಲ್ಲವೆ? ಉಂಟು, ಆದರೆ ಆ ಹುಳು ಮೀನು ಕೊಯ್ಯುವವರ ಕಣ್ಣಿಗೆ ಬೀಳುವುದಿಲ್ಲ. ಥೈಲೆಂಡ್ ದೇಶದ ಈಶಾನ್ಯ ಭಾಗವಾದ ಈಸಾನಿನಲ್ಲಿ ಹಸಿಮೀನನ್ನು ಕೊಚ್ಚಿ, ನಿಂಬೆರಸ, ಮೆಣಸಿನಕಾಯಿ ಬೆರೆಸಿ ತಿನ್ನುವ ವಾಡಿಕೆಯಿದೆ. ಇದಕ್ಕೆ ಕೊಯ್ ಪ್ಲಾ ಎಂದು ಹೆಸರು. ಅಲ್ಲಿಯ ಸಿಹಿನೀರಿನ ಮೀನಿನ ಮಾಂಸದಲ್ಲಿ ಓಪಿಸ್ಥಾರ್ಕಿಸ್ ಎಂಬ ಹುಳುವಿನ ಮರಿ ಅಡಗಿರುತ್ತದೆ. ಸೂಕ್ಷ್ಮದರ್ಶಕವಿಲ್ಲದೆ ಅದನ್ನು ಗುರುತಿಸಲಾಗದು. ನಿಂಬೆರಸದಿಂದ ಮಾಂಸ ಬೆಳ್ಳಗಾಗಿ ಬೆಂದಂತೆ ಕಂಡರೂ ಮರಿ ಸಾಯುವುದಿಲ್ಲ. ತಿಂದವರ ಪಿತ್ತನಾಳವನ್ನು ಸೇರಿ, ಸುಮಾರು 1 ಸೆಂಟಿಮೀಟರ್ ಉದ್ದಕ್ಕೆ ಬೆಳೆದು, ವರ್ಷಗಟ್ಟಲೆ ಅಲ್ಲಿಯೇ ಉಳಿಯುತ್ತದೆ. ಅದರ ಮೊಟ್ಟೆಗಳು ಮಲದೊಡನೆ ನೀರನ್ನು ಸೇರಿದರೆ ಮೊದಲು ಬಸವನಹುಳುವಿನಲ್ಲಿ, ಬಳಿಕ ಮೀನಿನಲ್ಲಿ ಮತ್ತೆ ಮರಿಗಳಾಗುತ್ತವೆ. ಈ ಹುಳು ಪಿತ್ತನಾಳದ ಕ್ಯಾನ್ಸರಿಗೆ ಕಾರಣವೆಂದು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 1994ರಲ್ಲಿ ನಿರ್ಣಯಿಸಿತು.

ಹುಳುವನ್ನು ಕೊಲ್ಲಲು ಪ್ರಾಜಿಕ್ವಾಂಟೆಲ್ ಎಂಬ ಒಳ್ಳೆಯ ಔಷಧವಿದೆ. ಆದರೂ ಗುಣ ಹೊಂದಿದವರು ಮತ್ತೆ ಹಸಿಮೀನು ತಿಂದರೆ ಮತ್ತೆ ಹುಳುವಿಗೆ ತುತ್ತಾಗುತ್ತಾರೆ. ಅಜ್ಜ ಮುತ್ತಜ್ಜರ ಕಾಲದ ರುಚಿಯನ್ನು ಬಿಡುವುದು ಗುಳಿಗೆ ನುಂಗಿದಷ್ಟು ಸುಲಭವಲ್ಲವಷ್ಟೆ!

ಇದನ್ನು ಓದಿದಾಗ ನಮ್ಮ ಅಡಿಗೆಮನೆಯ ಬೆಲೆ ನನಗೆ ತಿಳಿಯಿತು. ಪುಸ್ತಕ ಓದದ ನಮ್ಮ ತಾಯಿಯವರು ಮೀನಿನ ಸಾರನ್ನು ಮಳಮಳನೆ ಕುದಿಸದೆ ಎಂದೂ ಇಳಿಸಿದವರಲ್ಲ. ಹುಳುವಿಗೆ ಬೆಂಕಿಯೇ ಶತ್ರು. ಮೀನಿನ ಕರುಳನ್ನು ಕೆರೆಗೆ ಎಸೆಯದೆ ಹೂಳುವುದು, ಕೆರೆಯಂಗಳವನ್ನು ಬಯಲುಕಡೆಗೆ ಬಳಸದಿರುವುದು, ಇವೆರಡನ್ನು ಕೂಡಿಸಿಕೊಂಡರೆ ಸಾಕು.

ಮುಂದಿನ ರಜದಲ್ಲಿ ಊರಿಗೆ ಹೋದಾಗ ತಾಯಿಯವರ ಪ್ರಶ್ನೆಗೆ ಸರಿಯಾದ ಉತ್ತರವನ್ನು ಹೇಳಬೇಕೆಂದಿದ್ದೇನೆ. ಅದಕ್ಕೂ ಮುಂಚೆ, ಅಂದು ನನಗೆ ತಿಳಿದಿರಲಿಲ್ಲವೆಂಬುದನ್ನೂ ಹೇಳಬೇಕಾಗಿದೆ.