ತಂಪಿನಲ್ಲಿ ಕಾಯುವ ಕಣಜಗಳು

ಕಬ್ಬಿನ ಕಾಂಡ ಕೊರೆಯುವ ಹುಳುವಿನ ಉಪಟಳವು ಮಂಡ್ಯ, ಬೆಳಗಾವಿಗಳ ನಮ್ಮ ಬಂಧುಗಳಿಗೆ ಚಿರಪರಿಚಿತ. ಈ ಹುಳುವಿನ ಮೊಟ್ಟೆಯೊಳಗೆ ತನ್ನ ಮೊಟ್ಟೆಯನ್ನಿಟ್ಟು ಅದನ್ನು ನಾಶಪಡಿಸುವ ಟ್ರೈಕೊಗ್ರಾಮ ಎಂಬ ಕಣಜವು ಒಂದು ಮಿಲಿಮೀಟರಿಗಿಂತಲೂ ಚಿಕ್ಕದು. ಪ್ರಯೋಗಾಲಯದಲ್ಲಿ ಅಕ್ಕಿ ಪತಂಗದ ಮೊಟ್ಟೆಗಳಲ್ಲಿ ಇದನ್ನು ಬೆಳೆಸಿ, ಆ ಮೊಟ್ಟೆಗಳನ್ನು ಕಾಗದಕ್ಕೆ ಅಂಟಿಸಿ, ‘ಟ್ರೈಕೊಕಾರ್ಡ್’ ಎಂಬ ಹೆಸರಿನಿಂದ ರೈತರಿಗೆ ಒದಗಿಸುತ್ತಾರೆ.

ತೊಡಕಿರುವುದು ಕಾಲದಲ್ಲಿ. ಮೂರು-ನಾಲ್ಕು ದಿನಗಳಲ್ಲಿ ಮೊಟ್ಟೆಗಳು ಕಪ್ಪಾಗುತ್ತವೆ; ರೈತನು ಸಿದ್ಧನಿರಲಿ, ಇಲ್ಲದಿರಲಿ, ಸುಮಾರು 8 ದಿನಗಳಲ್ಲಿ ಕಣಜಗಳು ಹೊರಬಂದೇ ಬರುತ್ತವೆ. ಆದಕಾರಣ ಕಾರ್ಡುಗಳನ್ನು ಸುಮಾರು 10 ಡಿಗ್ರಿ ಸೆಲ್ಸಿಯಸ್ ತಂಪಿನಲ್ಲಿ ಇರಿಸುತ್ತಾರೆ. ತಂಪು ಬೆಳವಣಿಗೆಯನ್ನು ನಿಧಾನಗೊಳಿಸುತ್ತದೆಯೇ ಹೊರತು ಜೀವವನ್ನು ಕೆಡದಂತೆ ಕಾಪಿಡುವುದಿಲ್ಲ. ಎರಡು-ಮೂರು ವಾರ ಮೀರಿದರೆ ಹೊರಬರುವ ಕಣಜಗಳ ಸಂಖ್ಯೆ ಇಳಿಯುತ್ತದೆ. ಬಂದವುಗಳಲ್ಲಿಯೂ ಕೆಲವಕ್ಕೆ ರೆಕ್ಕೆ ಸರಿಯಿರದು, ಮೊಟ್ಟೆಯಿಡುವ ಶಕ್ತಿಯೂ ಕುಂದಿರುತ್ತದೆ. ಅವಧಿ ಠೇವಣಿಗಳ ನಡುವೆಯೇ ಆಯುಷ್ಯ ಕಳೆದ ನಮಗೆ ಇದೊಂದು ವಿಚಿತ್ರ ಠೇವಣಿಯೆನಿಸಿತು: ಇಟ್ಟಷ್ಟೂ ಕರಗುತ್ತದೆ!

ಯುರೋಪಿನ ಮೆಕ್ಕೆಜೋಳದ ಹೊಲಗಳಲ್ಲಿ ಬಳಸುವ ಇದೇ ಕುಲದ ಕಣಜಗಳನ್ನು ಮಾತ್ರ ಚಳಿಗಾಲದ ಸಹಜ ಸುಪ್ತಾವಸ್ಥೆಗೆ ಒಯ್ದು ತಿಂಗಳುಗಟ್ಟಲೆ ಇರಿಸಬಲ್ಲರು. ನಮ್ಮ ಕಬ್ಬಿನ ಕಣಜದ ಕಾರ್ಡುಗಳಿಗೆ ಸಾಮಾನ್ಯವಾಗಿ ಆ ಅನುಕೂಲ ಸಿಗುವುದಿಲ್ಲ.

ಹಳೆಯ ಕಾರ್ಡನ್ನು ಕಟ್ಟಿದ ರೈತನಿಗೆ ಈ ಹಾನಿಯು ಕಣ್ಣಿಗೆ ಕಾಣದು. ಹುಳು ಕಡಿಮೆಯಾಗದಿದ್ದಾಗ ಅವನು ಪದ್ಧತಿಯನ್ನೇ ದೂರಿ ವಿಷದ ಸಿಂಪಡಣೆಗೆ ಮರಳುತ್ತಾನೆ. ಆ ವಿಷಕ್ಕೆ ಉಳಿದ ಕಣಜಗಳೂ ಬಲಿಯಾಗುತ್ತವೆ. ಊರಿನಲ್ಲಿ ಜಮೀನುಳ್ಳ ಸದಸ್ಯರು ಕಾರ್ಡು ಕೊಳ್ಳುವಾಗ ಕಣಜ ಹೊರಬರುವ ದಿನಾಂಕವನ್ನು ತಪ್ಪದೆ ಕೇಳಬೇಕು. ಬಿಸಿಲಿಗೆ ಒಡ್ಡದೆ ತಂದು, ಸಂಜೆಯ ವೇಳೆ ಎಲೆಯ ಕೆಳಭಾಗಕ್ಕೆ ಕಟ್ಟಬೇಕು.